ಉಗಿಬಂಡಿ ಉಳಿಯುವುದು ಶೆಡ್ಡಿನಲ್ಲಿ

1929ರಲ್ಲಿ ಮಂಗಳೂರಿಗೂ ಪೇಶಾವರಕ್ಕೂ ನಡುವೆ ನೇರ ರೈಲು ಸಂಚಾರ ಶುರುವಾಯಿತು. ಇಡೀ ರೈಲು ಅಲ್ಲ, ಎರಡು ಬೋಗಿಗಳು. ಹತ್ತಿದವರು ದಾರಿಯಲ್ಲಿ ಇಳಿದು ಬೇರೆ ಬೋಗಿ ಹುಡುಕಬೇಕಾಗಿರಲಿಲ್ಲ. ಖೈಬರ್ ಕಣಿವೆಯ ಬಾಗಿಲಿನ ಊರಿನಿಂದ ನೇತ್ರಾವತಿಯ ದಡಕ್ಕೆ ಸುಮಾರು 104 ಗಂಟೆಗಳ ಪಯಣ. ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್ ಎಂಬ ಹೆಸರು ಮೊದಲು ಸಂದದ್ದು ಈ ಸಂಚಾರಕ್ಕೆ. ಬಹುಕಾಲ ನಡೆಯಲಿಲ್ಲ. ದಾರಿಯನ್ನು ಮೊಟಕು ಮಾಡಿ ಲಾಹೋರ್–ಮೆಟ್ಟುಪಾಳ್ಯಂ ಎಂದು ಮಾಡಿದರು, ಆಮೇಲೆ ದೆಹಲಿ–ಮದ್ರಾಸಿಗೆ ಸೀಮಿತಗೊಳಿಸಿದರು. ಆದರೂ ಸ್ವಲ್ಪ ಕಾಲ ನಮ್ಮ ಊರು ದೇಶದ ಅತಿ ಉದ್ದದ ರೈಲುದಾರಿಯ ಒಂದು ತುದಿಯಾಗಿತ್ತು.

ಆ ಎರಡು ಬೋಗಿಗಳನ್ನು ಅಷ್ಟು ದೂರ ಎಳೆದದ್ದು ಒಂದು ಎಂಜಿನ್ ಅಲ್ಲ. ಎಷ್ಟೇ ಬಲಶಾಲಿ ಉಗಿ ಎಂಜಿನ್ ಆದರೂ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ನಿಲ್ಲಲೇಬೇಕು. ಅದರ ಹೊಟ್ಟೆಯಲ್ಲಿ ಬೂದಿ ತುಂಬುತ್ತದೆ, ಜಾಲರಿಯ ಮೇಲೆ ಕಿಟ್ಟ ಕಟ್ಟುತ್ತದೆ, ಟೆಂಡರಿನ ಕಲ್ಲಿದ್ದಲು ತಳ ಕಾಣುತ್ತದೆ, ಸಲಿಕೆ ಹಿಡಿದ ಫೈರ್‌ಮನ್‌ನ ತೋಳು ಸೋಲುತ್ತದೆ. ಆಗ ಇನ್ನೊಂದು ಎಂಜಿನ್ ಬೆಂಕಿ ಹೊತ್ತಿಸಿಕೊಂಡು ಸಿದ್ಧವಾಗಿ ಕಾದಿರಬೇಕು. ಹೀಗಾಗಿ ಹಳಿಯುದ್ದಕ್ಕೂ ಅಲ್ಲಲ್ಲಿ ಲೋಕೋ ಶೆಡ್ ಇರುತ್ತಿತ್ತು. ಶೆಡ್ಡಿನಲ್ಲಿ ನೂರಾರು ಜನ, ಅವರ ವಸತಿ, ನೀರಿನ ಟಾಂಕಿ, ಕಲ್ಲಿದ್ದಲ ರಾಶಿ, ಎಂಜಿನ್ ತಿರುಗಿಸುವ ಟರ್ನ್‌ಟೇಬಲ್. ಉಗಿ ಎಂಜಿನ್ ಎಂದಾಗ ನಮ್ಮ ಕಣ್ಣಿಗೆ ಕಟ್ಟುವುದು ಹೊಗೆ ಉಗುಳುತ್ತ ಬರುವ ಕಪ್ಪು ಯಂತ್ರ. ಆದರೆ ಅದು ಒಂಟಿ ಯಂತ್ರವಾಗಿ ಎಂದೂ ಬದುಕಿದ್ದಲ್ಲ. ಅದನ್ನು ಉಳಿಸುವ ಮಾತು ಬಂದಾಗ ಈ ಸಂಗತಿಯನ್ನು ನಾವು ಮರೆಯುತ್ತಿದ್ದೇವೆ ಎಂಬುದೇ ನನ್ನ ದುಗುಡ.

ಮಂಗಳೂರಿಗೆ ಹಳಿ ಬಂದದ್ದು 1907ರಲ್ಲಿ. ಮದ್ರಾಸ್ ರೈಲ್ವೆ ಕಂಪನಿ ಮಲಬಾರಿನ ಕರಾವಳಿಯ ಗುಂಟ ಹಾಕುತ್ತ ಬಂದ ಬ್ರಾಡ್ ಗೇಜ್ ಹಳಿ ಕಾಸರಗೋಡು, ಕುಂಬಳೆ, ಮಂಜೇಶ್ವರ, ಉಳ್ಳಾಲಗಳನ್ನು ಹಾದು, ನೇತ್ರಾವತಿಯ ಸೇತುವೆ ದಾಟಿ ಜೆಪ್ಪುವಿನ ಮಗ್ಗುಲಲ್ಲಿ ಊರೊಳಗೆ ಬಂತು. ಮರುವರ್ಷವೇ, 1908ರಲ್ಲಿ, ಜೋಲಾರ್‌ಪೇಟೆಯಿಂದ ಮಂಗಳೂರಿನವರೆಗಿನ ಈ ದಾರಿ ಸೌತ್ ಇಂಡಿಯನ್ ರೈಲ್ವೆಯ ಕೈಗೆ ಹೋಯಿತು. ಹಳಿ ಇಲ್ಲಿಗೇ ಕೊನೆ. ಮುಂದೆ ಉಡುಪಿ, ಕಾರವಾರದ ಕಡೆಗೆ ರೈಲು ಹೋಗಲು ಮತ್ತೆ ಸುಮಾರು 90 ವರ್ಷ ಬೇಕಾಯಿತು. ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದದ್ದು 1998ರಲ್ಲಿ. ಘಟ್ಟ ಹತ್ತಿ ಹಾಸನ ಸೇರುವ ದಾರಿ ಸಿದ್ಧವಾದದ್ದೂ 1979ರಲ್ಲಿ. ಅಲ್ಲಿಯವರೆಗೆ ಮಂಗಳೂರಿಗರಿಗೆ ರೈಲೆಂದರೆ ದಕ್ಷಿಣಕ್ಕೆ ಹೋಗುವ ಒಂದೇ ದಾರಿ. ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕೆಂದರೆ ಕೇರಳ, ತಮಿಳುನಾಡುಗಳನ್ನು ಸುತ್ತಿಕೊಂಡೇ ಹೋಗಬೇಕಿತ್ತು.

ಆ ಕಾಲದ ಎಂಜಿನ್ನಿನ ಒಂದು ದಿನ ಹೇಗಿರುತ್ತಿತ್ತು?

ಅದು ರೈಲು ಹೊರಡುವುದಕ್ಕೆ ಬಹಳ ಮೊದಲೇ ಶುರುವಾಗುತ್ತಿತ್ತು. ಡೀಸೆಲ್ ಎಂಜಿನ್ನನ್ನು ಗುಂಡಿ ಒತ್ತಿ ಚಾಲೂ ಮಾಡಬಹುದು. ತಣ್ಣಗಾದ ಉಗಿ ಎಂಜಿನ್ನಿಗೆ ಬೆಂಕಿ ಹೊತ್ತಿಸಿ, ಓಡುವಷ್ಟು ಒತ್ತಡ ಬರಿಸಲು ಆರೆಂಟು ಗಂಟೆ ಬೇಕು, ದೊಡ್ಡ ಎಂಜಿನ್ ಆದರೆ ಇನ್ನೂ ಹೆಚ್ಚು. ಅವಸರ ಮಾಡುವಂತಿಲ್ಲ. ಬಾಯ್ಲರಿನ ಒಂದು ಭಾಗ ಬೇಗ ಕಾದು ಇನ್ನೊಂದು ತಣ್ಣಗೇ ಉಳಿದರೆ ಲೋಹ ಹಿಗ್ಗುವುದರಲ್ಲಿ ಏರುಪೇರಾಗಿ ಕೊಳವೆಗಳ ಬಾಯಿ ಸೋರತೊಡಗುತ್ತದೆ. ಹಾಗಾಗಿ ಸರದಿಯ ಮೇಲೆ ಇದ್ದವರು ರಾತ್ರಿಯೆಲ್ಲ ಕುಳಿತು, ಮೊದಲು ಕಟ್ಟಿಗೆ, ಎಣ್ಣೆಬಟ್ಟೆ, ಆಮೇಲೆ ಕಲ್ಲಿದ್ದಲು ಎಂದು ಬೆಂಕಿಯನ್ನು ನಿಧಾನವಾಗಿ ಬೆಳೆಸುತ್ತಿದ್ದರು.

ಬೆಂಕಿಗೂಡಿನಲ್ಲಿ ಹುಟ್ಟಿದ ಬಿಸಿಗಾಳಿ ಬಾಯ್ಲರಿನ ಉದ್ದಕ್ಕೂ ಹಾಯುವ ಕೊಳವೆಗಳೊಳಗಿಂದ ಮುಂದಕ್ಕೆ ಹೋಗುತ್ತದೆ. ಕೊಳವೆಗಳ ಸುತ್ತ ನೀರು. ಬಯಲಲ್ಲಿ ಕುದಿದರೆ ನೀರು ಉಗಿಯಾಗಿ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಮುಚ್ಚಿದ ಬಾಯ್ಲರಿನಲ್ಲಿ ಹಿಗ್ಗಲು ಜಾಗವಿಲ್ಲ, ಆದ್ದರಿಂದ ಒತ್ತಡ ಏರುತ್ತ ಹೋಗುತ್ತದೆ. ಸ್ವಾತಂತ್ರ್ಯಾನಂತರ ದೇಶದ ತುಂಬ ಓಡಿದ ಬ್ರಾಡ್ ಗೇಜಿನ ಡಬ್ಲ್ಯುಪಿ, ಮೀಟರ್ ಗೇಜಿನ ವೈಪಿ ಎಂಜಿನ್‌ಗಳಲ್ಲಿ ಆ ಒತ್ತಡ ಚದರ ಇಂಚಿಗೆ 210 ಪೌಂಡ್. ನಮ್ಮ ಸುತ್ತಲ ಗಾಳಿಯ ಒತ್ತಡದ 14 ಪಟ್ಟಿಗೂ ಮಿಗಿಲು. ಡ್ರೈವರ್ ರೆಗ್ಯುಲೇಟರ್ ಎಳೆದಾಗ ಈ ಉಗಿ ಸಿಲಿಂಡರಿಗೆ ನುಗ್ಗಿ ಪಿಸ್ಟನ್ ದೂಡುತ್ತದೆ, ಪಿಸ್ಟನ್ನಿಗೆ ಕಟ್ಟಿದ ಉದ್ದನೆಯ ಸರಳು ಗಾಲಿಯನ್ನು ತಿರುಗಿಸುತ್ತದೆ. ಇಷ್ಟು ಶಾಲೆಯ ಪಾಠದಲ್ಲಿಯೂ ಬರುತ್ತದೆ.

ಪಾಠದಲ್ಲಿ ಬಾರದ, ನನ್ನ ಮಟ್ಟಿಗೆ ಇಡೀ ಯಂತ್ರದ ಅತ್ಯಂತ ಸೊಗಸಾದ ಸಂಗತಿ ಮುಂದಿನದು. ಕೆಲಸ ಮುಗಿಸಿದ ಉಗಿಯನ್ನು ಸುಮ್ಮನೆ ಹೊರಗೆ ಬಿಡುವುದಿಲ್ಲ. ಅದನ್ನು ಎಂಜಿನ್ನಿನ ಮೂತಿಯಲ್ಲಿರುವ ಹೊಗೆಪೆಟ್ಟಿಗೆಗೆ ತಂದು, ಸಣ್ಣ ಬಾಯಿಯ ಕೊಳವೆಯಿಂದ ಚಿಮಣಿಯೊಳಕ್ಕೆ ಚಿಮ್ಮಿಸುತ್ತಾರೆ. ಆ ಚಿಮ್ಮು ತನ್ನೊಡನೆ ಹೊಗೆಯನ್ನೂ ಸೆಳೆದೊಯ್ಯುತ್ತದೆ. ಹೊಗೆಪೆಟ್ಟಿಗೆಯಲ್ಲಿ ಗಾಳಿ ತೆಳುವಾಗಿ, ಹಿಂದಿನ ಬೆಂಕಿಗೂಡಿಗೆ ಹೊಸ ಗಾಳಿ ನುಗ್ಗಿ ಬರುತ್ತದೆ, ಬೆಂಕಿ ಭುಗಿಲೇಳುತ್ತದೆ. ಏರು ಬಂತೆಂದು ಡ್ರೈವರ್ ಹೆಚ್ಚು ಉಗಿ ಬಳಸಿದಷ್ಟೂ ಚಿಮಣಿಯ ಚಿಮ್ಮು ಜೋರಾಗುತ್ತದೆ, ಬೆಂಕಿಯೂ ಜೋರಾಗುತ್ತದೆ, ಉಗಿಯೂ ಹೆಚ್ಚು ಹುಟ್ಟುತ್ತದೆ. ಯಾರೂ ತಿದ್ದಬೇಕಿಲ್ಲ, ಎಂಜಿನ್ ತನಗೆ ಬೇಕಾದ ಬೆಂಕಿಯನ್ನು ತಾನೇ ಊದಿಕೊಳ್ಳುತ್ತದೆ. ಮಕ್ಕಳು ಚುಕುಬುಕು ಎನ್ನುವ ಸದ್ದು ಈ ಚಿಮ್ಮಿನದೇ. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಗಾಲಿ ಒಂದು ಸುತ್ತು ಸುತ್ತಿದರೆ ನಾಲ್ಕು ಚಿಮ್ಮು. ಅನುಭವಿ ಡ್ರೈವರಿಗೆ ನಾಲ್ಕರಲ್ಲಿ ಒಂದು ಮಂಕಾಗಿ ಕೇಳಿಸಿದರೂ ಸಾಕು, ಯಾವ ಕಡೆಯ ಕವಾಟದ ಹೊಂದಿಕೆ ತಪ್ಪಿದೆ ಎಂಬುದು ತಿಳಿದುಹೋಗುತ್ತಿತ್ತು.

ಡ್ರೈವರಿನ ಇನ್ನೊಂದು ಕಣ್ಣು ಸದಾ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಮೇಲೆ. ಬೆಂಕಿಗೂಡಿನ ನೆತ್ತಿಯ ತಗಡು ಯಾವಾಗಲೂ ನೀರಿನಡಿ ಇರಬೇಕು. ಮಟ್ಟ ಇಳಿದು ತಗಡು ಬಯಲಾದರೆ ಅದು ಕೆಂಪಗೆ ಕಾದು ಮೆದುವಾಗಿ ಒಳಕ್ಕೆ ಕುಸಿಯುತ್ತದೆ, ಬಾಯ್ಲರ್ ಸಿಡಿಯುತ್ತದೆ. ಕೊನೆಯ ಕಾವಲಾಗಿ ಆ ತಗಡಿನಲ್ಲಿ ಸೀಸ ತುಂಬಿದ ಬೆಣೆ ಇರುತ್ತದೆ. ನೀರು ಇಳಿದರೆ ಮೊದಲು ಸೀಸ ಕರಗಿ, ಆ ತೂತಿನಿಂದ ಉಗಿ ಬೆಂಕಿಯ ಮೇಲೆ ಬಿದ್ದು ಎಚ್ಚರಿಸುತ್ತದೆ. ಸೀಸ ಕರಗಿಸಿದ ಡ್ರೈವರ್ ಎನ್ನಿಸಿಕೊಳ್ಳುವುದು ಆ ವೃತ್ತಿಯಲ್ಲಿ ದೊಡ್ಡ ಕಳಂಕ.

ನಮ್ಮ ಕರಾವಳಿಯ ಮಳೆಗಾಲ ಇದಕ್ಕೆ ಇನ್ನೊಂದು ಕಷ್ಟ ಸೇರಿಸುತ್ತಿತ್ತು. ಒದ್ದೆ ಹಳಿಯ ಮೇಲೆ ಉಕ್ಕಿನ ಗಾಲಿ ಜಾರುತ್ತದೆ. ಅದಕ್ಕೆ ಎಂಜಿನ್ ಮೇಲೆ ಮರಳಿನ ಪೆಟ್ಟಿಗೆ ಇಟ್ಟು, ಕೊಳವೆಯಿಂದ ಗಾಲಿಯ ಮುಂದೆ ಮರಳು ಬೀಳುವಂತೆ ಮಾಡಿರುತ್ತಾರೆ. ಮರಳು ಒಣಗಿದ್ದರೆ ಮಾತ್ರ ಕೊಳವೆಯಲ್ಲಿ ಇಳಿಯುತ್ತದೆ. ಆಟಿಯ ಮಳೆಯಲ್ಲಿ ಒಣ ಮರಳು ಎಲ್ಲಿಂದ ತರುವುದು? ಅದನ್ನು ಶೆಡ್ಡಿನಲ್ಲಿ ಒಲೆಯ ಮೇಲೆ ಹುರಿದು ಒಣಗಿಸಿ ಎಂಜಿನ್ನಿಗೆ ತುಂಬಬೇಕು. ಇಂಥ ಕೆಲಸ ಮಾಡಿದವರ ಹೆಸರು ಯಾವ ಇತಿಹಾಸದ ಪುಸ್ತಕದಲ್ಲಿಯೂ ಬರುವುದಿಲ್ಲ, ಆದರೆ ಅವರು ಮರಳು ಹುರಿಯದಿದ್ದರೆ ಬೆಳಗಿನ ಮೇಲ್ ರೈಲು ಏರು ಹತ್ತುತ್ತಿರಲಿಲ್ಲ.

ಓಡಿ ಬಂದ ಎಂಜಿನ್ನಿಗೆ ವಿಶ್ರಾಂತಿ ಇರುತ್ತಿರಲಿಲ್ಲ. ಬೂದಿ ತೆಗೆಯಬೇಕು, ಕಿಟ್ಟ ಒಡೆಯಬೇಕು, ಕೊಳವೆಗಳ ಮಸಿ ಗುಡಿಸಬೇಕು, ನೂರಾರು ಕಡೆ ಎಣ್ಣೆ ಬಿಡಬೇಕು. ಕೆಲವು ವಾರಕ್ಕೊಮ್ಮೆ ಬಾಯ್ಲರ್ ತಣ್ಣಗಾಗಿಸಿ ಒಳಗನ್ನು ತೊಳೆಯಬೇಕು. ಬಚ್ಚಲ ಹಂಡೆಯ ಒಳಮೈಗೆ ಬಿಳಿಯ ಪದರ ಕಟ್ಟುವ ಹಾಗೆ ಬಾಯ್ಲರಿನ ಕೊಳವೆಗಳಿಗೂ ನೀರಿನ ಸುಣ್ಣ ಹತ್ತುತ್ತದೆ. ಅದು ದಪ್ಪವಾದಷ್ಟೂ ಬೆಂಕಿಯ ಬಿಸಿ ನೀರಿಗೆ ತಲುಪದೆ ಲೋಹದಲ್ಲೇ ನಿಲ್ಲುತ್ತದೆ, ಲೋಹ ಸುಡುತ್ತದೆ. ಇಷ್ಟೆಲ್ಲ ದುಡಿಸಿಯೂ ಕಲ್ಲಿದ್ದಲಿನ ಶಕ್ತಿಯಲ್ಲಿ ನೂರಕ್ಕೆ ಹತ್ತು ಪಾಲು ಕೂಡ ಗಾಲಿಗೆ ಸಿಗುತ್ತಿರಲಿಲ್ಲ. ಉಳಿದದ್ದು ಚಿಮಣಿಯಿಂದ ಹೊರಗೆ. ಡೀಸೆಲ್ ಬಂದ ಮೇಲೆ ಉಗಿ ಹಿಂದೆ ಸರಿದದ್ದರಲ್ಲಿ ಅನ್ಯಾಯವೇನೂ ಇಲ್ಲ, ಅದರ ಮುಂದೆ ದುಡಿದ ಮನುಷ್ಯರ ಬೆನ್ನಿಗೂ ಶ್ವಾಸಕೋಶಕ್ಕೂ ಅದು ಬಿಡುಗಡೆಯೇ. ಚಿತ್ತರಂಜನ್ ಕಾರ್ಖಾನೆ 1950ರಿಂದ 1972ರವರೆಗೆ 2,351 ಉಗಿ ಎಂಜಿನ್ ಕಟ್ಟಿ ಆ ಕೆಲಸ ನಿಲ್ಲಿಸಿತು. ಬ್ರಾಡ್ ಗೇಜಿನಲ್ಲಿ ನಿತ್ಯದ ಉಗಿ ಸಂಚಾರ 1995ರ ಡಿಸೆಂಬರಿನಲ್ಲಿ ಪಂಜಾಬಿನ ಜಲಂಧರ್–ಫಿರೋಜ್‌ಪುರ ದಾರಿಯಲ್ಲಿ ಕೊನೆಗೊಂಡಿತು.

ಮುಂದೇನು? ಬಹುಪಾಲು ಎಂಜಿನ್‌ಗಳು ಗುಜರಿಗೆ ಹೋದವು. ಕೆಲವನ್ನು ನಿಲ್ದಾಣದ ಮುಂದೆ, ರೈಲ್ವೆ ಕಚೇರಿಯ ಅಂಗಳದಲ್ಲಿ ಕಟ್ಟೆ ಕಟ್ಟಿ ನಿಲ್ಲಿಸಿದರು. ಈ ವಿಷಯದಲ್ಲಿ ಕರ್ನಾಟಕ ಬೇಗನೆ ಎಚ್ಚೆತ್ತ ರಾಜ್ಯ. ದೆಹಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯ 1977ರಲ್ಲಿ ತೆರೆದರೆ, ಎರಡೇ ವರ್ಷದಲ್ಲಿ, 1979ರಲ್ಲಿ, ಮೈಸೂರಿನಲ್ಲಿ ರೈಲು ಸಂಗ್ರಹಾಲಯ ಆಯಿತು. ಮಂಗಳೂರು–ಹಾಸನ ದಾರಿ ಸಿದ್ಧವಾದದ್ದೂ ಅದೇ ವರ್ಷ. ಮೈಸೂರು ಮಹಾರಾಣಿಯವರ 1899ರ ಸಲೂನ್ ಬೋಗಿ, ನ್ಯಾರೋ ಗೇಜಿನ ಇಎಸ್ 506 ಎಂಜಿನ್, ಹಳಿಯ ಮೇಲೆ ಓಡುವಂತೆ ಗಾಲಿ ಬದಲಿಸಿದ ಆಸ್ಟಿನ್ ಕಾರು ಅಲ್ಲಿವೆ. 2020ರಲ್ಲಿ ಹುಬ್ಬಳ್ಳಿಯಲ್ಲಿಯೂ ಒಂದು ಸಂಗ್ರಹಾಲಯ ಬಂತು. ಮಕ್ಕಳು ಎಂಜಿನ್ ಹತ್ತಿ ಲಿವರ್ ಎಳೆದು ನೋಡುವುದು ಒಳ್ಳೆಯದೇ, ಈ ಸಂಗ್ರಹಾಲಯಗಳ ಬಗ್ಗೆ ನನಗೆ ಗೌರವವಿದೆ.

ಆದರೆ ನಿಂತ ಎಂಜಿನ್ ತಾನಾಗಿ ಉಳಿಯುವುದಿಲ್ಲ. ಕಬ್ಬಿಣದ ಇಷ್ಟು ದೊಡ್ಡ ಗಡ್ಡೆಗೆ ಏನಾದೀತು ಎಂದು ನಮಗೆ ಅನ್ನಿಸುವುದು ಹೊರಗಿನ ಬಣ್ಣ ನೋಡಿ. ಹಾಳು ಶುರುವಾಗುವುದು ಒಳಗಿನಿಂದ. ಹೊಗೆಪೆಟ್ಟಿಗೆಯ ತಳದಲ್ಲಿ ಉಳಿದ ಬೂದಿಯಲ್ಲಿ ಗಂಧಕ ಇರುತ್ತದೆ. ಚಿಮಣಿಯಿಂದ ಬಿದ್ದ ಮಳೆನೀರು ಅದರೊಡನೆ ಕೂಡಿ ಆಮ್ಲವಾಗಿ ತಗಡನ್ನು ತಿನ್ನುತ್ತದೆ. ಬಾಯ್ಲರಿನಲ್ಲಿ ಪೂರ್ತಿ ಬಸಿಯದೆ ಉಳಿದ ನೀರು ಕೊಳವೆಗಳನ್ನು ತಿನ್ನುತ್ತದೆ. ಬಾಯ್ಲರಿನ ಮೇಲೆ ಬಿಸಿ ಹಿಡಿದಿಡಲು ಹೊದಿಸಿದ ಪದರ ನೀರು ಹೀರಿಕೊಂಡು ವರ್ಷಗಟ್ಟಲೆ ಒದ್ದೆಯಾಗಿಯೇ ಇರುತ್ತದೆ, ಹೊರಗಿನ ತೆಳು ತಗಡಿನ ಮೇಲೆ ಮಾತ್ರ ಹೊಸ ಬಣ್ಣ ಹೊಳೆಯುತ್ತದೆ. ಹಳೆಯ ಎಂಜಿನ್‌ಗಳಲ್ಲಿ ಹಲವಕ್ಕೆ ಆ ಹೊದಿಕೆ ಕಲ್ನಾರಿನದು. ಅದರ ಪುಡಿ ಶ್ವಾಸಕೋಶಕ್ಕೆ ಅಪಾಯ, ತೆಗೆಯಬೇಕಾದರೆ ತಿಳಿದವರೇ ಬೇಕು. ಗಾಲಿಯ ಬೇರಿಂಗುಗಳಲ್ಲಿ ಎಣ್ಣೆ ಒಣಗುತ್ತದೆ. ಹಿತ್ತಾಳೆಯ ಸಿಳ್ಳೆ, ಒತ್ತಡದ ಮಾಪಕ, ನಲ್ಲಿಗಳು ಒಂದೊಂದಾಗಿ ಕಾಣೆಯಾಗುತ್ತವೆ.

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಮಳೆ ಬಿಟ್ಟ ತಿಂಗಳುಗಳಲ್ಲಿ ಕಡಲ ಉಪ್ಪುಗಾಳಿ. ಮೈಸೂರಿನ ಒಣ ಹವೆಯಲ್ಲಿ ಹತ್ತು ವರ್ಷ ತಾಳುವ ಬಣ್ಣ ಇಲ್ಲಿ ಅಷ್ಟು ತಾಳಲಾರದು. ಈ ಊರಿನಲ್ಲಿ ಬಯಲಿಗೆ ನಿಲ್ಲಿಸಿದ ಎಂಜಿನ್ ಎಂದರೆ ನಿಧಾನವಾಗಿ ಗುಜರಿಗೆ ಹಾಕಿದ ಎಂಜಿನ್. ಕನಿಷ್ಠ ಮೇಲೊಂದು ಅಗಲವಾದ ಮಾಡು, ಮುಚ್ಚಿದ ಚಿಮಣಿ, ಬಸಿದು ಒಣಗಿಸಿದ ಬಾಯ್ಲರ್, ವರ್ಷಕ್ಕೊಮ್ಮೆ ಮಳೆಗಾಲದ ಮುನ್ನ ತಿಳಿದವರ ತಪಾಸಣೆ ಬೇಕು. ಇದು ನಮ್ಮ ಊರಿಗೆ ಮೀರಿದ ಮಾತಲ್ಲ. ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಮಾಡಿನ ಮೇಲೆ ಇಟಲಿಯ ಆಂಟೋನಿಯೊ ಮೊಸ್ಕೆನಿ ಬರೆದ ಚಿತ್ರಗಳು ಇದೇ ತೇವಕ್ಕೆ ಸಿಕ್ಕಿ ಹಾಳಾಗುತ್ತಿದ್ದಾಗ 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಬಂದು ವರ್ಷಗಟ್ಟಲೆ ಕುಳಿತು ಅವುಗಳನ್ನು ಉಳಿಸಿಕೊಟ್ಟರು. ಚಿತ್ರಕ್ಕೆ ಕೊಟ್ಟ ಆ ಶ್ರದ್ಧೆ ಯಂತ್ರಕ್ಕೂ ಸಲ್ಲಬೇಕು.

ನಿಲ್ಲಿಸಿ ಉಳಿಸುವುದಕ್ಕಿಂತ ಕಷ್ಟದ ಇನ್ನೊಂದು ದಾರಿ, ಓಡಿಸಿ ಉಳಿಸುವುದು. ನಮ್ಮ ದೇಶದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಫೇರಿ ಕ್ವೀನ್. 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕಟ್ಟಿ ಈಸ್ಟ್ ಇಂಡಿಯನ್ ರೈಲ್ವೆಗೆ ಕಳಿಸಿದ್ದ ಎಂಜಿನ್ ಅದು. 1909ರಲ್ಲಿ ಕೆಲಸದಿಂದ ನಿವೃತ್ತಿಯಾಗಿ ದಶಕಗಟ್ಟಲೆ ಪ್ರದರ್ಶನದ ವಸ್ತುವಾಗಿತ್ತು. 1997ರಲ್ಲಿ ಮದ್ರಾಸಿನ ಪೆರಂಬೂರು ಲೋಕೋ ಕಾರ್ಖಾನೆಯವರು ಅದಕ್ಕೆ ಮತ್ತೆ ಉಗಿ ಬರಿಸಿದರು. ದೆಹಲಿಯಿಂದ ಆಲ್ವಾರಿಗೆ ಪ್ರವಾಸಿಗರನ್ನು ಹೊತ್ತು ಓಡಿತು, ನಿಯಮಿತವಾಗಿ ಓಡುವ ಜಗತ್ತಿನ ಅತಿ ಹಳೆಯ ಎಂಜಿನ್ ಎಂದು 1998ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತು. ಇಷ್ಟು ಹೆಸರಾದ ಎಂಜಿನ್ನಿನಿಂದಲೂ 2011ರಲ್ಲಿ ಹತ್ತಾರು ಬಿಡಿಭಾಗಗಳು ಕಳುವಾದವು. ಮತ್ತೆ ಪೆರಂಬೂರಿಗೇ ಒಯ್ಯಬೇಕಾಯಿತು. ಅದರ ಜೊತೆಯ ಇಐಆರ್ 21 ಎಂಬ ಎಂಜಿನ್ ನೂರಕ್ಕೂ ಹೆಚ್ಚು ವರ್ಷ ಅಲುಗಾಡದೆ ನಿಂತಿತ್ತು. ಅದನ್ನೂ ಪೆರಂಬೂರಿನವರೇ 2010ರಲ್ಲಿ ಓಡುವ ಸ್ಥಿತಿಗೆ ತಂದರು.

ಪೆರಂಬೂರಿನ ಹೆಸರೇ ಮತ್ತೆ ಮತ್ತೆ ಬರುವುದಕ್ಕೆ ಕಾರಣ ಅಲ್ಲಿನ ಯಂತ್ರಗಳಲ್ಲ, ಅಲ್ಲಿನ ಕೈಗಳು. ಒಂದು ಬಾಯ್ಲರನ್ನು ಪರೀಕ್ಷಿಸುವ ಬಗೆ ನೋಡಿ. ಬೆಂಕಿಗೂಡಿನ ಒಳತಗಡನ್ನೂ ಹೊರತಗಡನ್ನೂ ನೂರಾರು ಮೊಳೆಸರಳುಗಳು ಹಿಡಿದಿರುತ್ತವೆ. ಅವುಗಳಲ್ಲಿ ಒಂದು ಮುರಿದರೆ ಹೊರಗೆ ಕಾಣುವುದಿಲ್ಲ. ಬಾಯ್ಲರ್ ಕೆಲಸದವನು ಸಣ್ಣ ಸುತ್ತಿಗೆಯಿಂದ ಒಂದೊಂದನ್ನೂ ಬಡಿದು ದನಿ ಕೇಳುತ್ತಾನೆ. ಗಟ್ಟಿ ಇದ್ದರೆ ಕಣಕಣ, ಮುರಿದಿದ್ದರೆ ಮೊದ್ದು ಸದ್ದು. ಆಮೇಲೆ ಬಾಯ್ಲರಿನಲ್ಲಿ ಉಗಿಯ ಬದಲು ನೀರು ತುಂಬಿ, ಕೆಲಸದ ಒತ್ತಡಕ್ಕಿಂತ ಒಂದೂವರೆ ಪಟ್ಟು ಒತ್ತಡ ಕೊಡುತ್ತಾರೆ. ಉಗಿ ಒತ್ತಿಟ್ಟ ಶಕ್ತಿಯನ್ನು ಒಮ್ಮೆಲೇ ಬಿಟ್ಟು ಸಿಡಿಯುತ್ತದೆ. ತಣ್ಣೀರು ಒತ್ತಡಕ್ಕೆ ಹೆಚ್ಚುಕಡಿಮೆ ಕುಗ್ಗುವುದಿಲ್ಲ, ಹಿಗ್ಗುವುದೂ ಇಲ್ಲ, ಆದ್ದರಿಂದ ಎಲ್ಲಾದರೂ ದುರ್ಬಲವಾಗಿದ್ದರೆ ಬರೀ ಸೋರುತ್ತದೆ, ಯಾರಿಗೂ ಪೆಟ್ಟಾಗುವುದಿಲ್ಲ. ಬೇರಿಂಗಿಗೆ ಬಿಳಿಲೋಹ ಕರಗಿಸಿ ಹೊಯ್ಯುವುದು, ಅದನ್ನು ಕೈಯಿಂದ ಹೆರೆದು ಅಳತೆಗೆ ತರುವುದು, ಕವಾಟದ ಹೊಂದಿಕೆ ಮಾಡುವುದು, ಇವೆಲ್ಲ ಹಿರಿಯರ ಪಕ್ಕದಲ್ಲಿ ನಿಂತು ಕಲಿತವರಿಗೆ ಮಾತ್ರ ಬರುವ ಕೆಲಸ. ನಕ್ಷೆ ಸಿಕ್ಕಿದರೆ ಭಾಗವನ್ನು ಹೊಸದಾಗಿ ಮಾಡಬಹುದು. ಸುತ್ತಿಗೆಯ ದನಿಯನ್ನು ನಕ್ಷೆಯಲ್ಲಿ ಬರೆದಿಡಲಾಗುವುದಿಲ್ಲ.

ಇಲ್ಲಿ ಒಂದು ತಕರಾರು ಬರುತ್ತದೆ. ಬಾಯ್ಲರ್ ಹೊಸದು, ಕೊಳವೆ ಹೊಸದು, ಬೇರಿಂಗು ಹೊಸದು ಎಂದ ಮೇಲೆ ಅದು ಹಳೆಯ ಎಂಜಿನ್ ಹೇಗಾಯಿತು ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಉಗಿ ಎಂಜಿನ್ ದುಡಿಯುತ್ತಿದ್ದ ಕಾಲದಲ್ಲಿಯೂ ಅದರ ಬಾಯ್ಲರ್ ಬದಲಾಗುತ್ತಲೇ ಇತ್ತು. ಕಾರ್ಖಾನೆಗೆ ಬಂದ ಎಂಜಿನ್ನಿನ ಬಾಯ್ಲರ್ ಬಿಚ್ಚಿ, ಮೊದಲೇ ದುರಸ್ತಿಯಾಗಿ ಕುಳಿತಿದ್ದ ಇನ್ನೊಂದನ್ನು ಕೂರಿಸಿ ಕಳಿಸುವುದು ವಾಡಿಕೆ. ಭಾಗ ಬದಲಿಸಿಕೊಂಡು ಓಡುವುದೇ ಅದರ ಸಹಜ ಬದುಕು. ಹೌದು, ದೇಶದಲ್ಲಿ ಒಂದೇ ಒಂದು ಉಳಿದಿರುವ, ಮೂಲ ಲೋಹವೇ ಇತಿಹಾಸವಾಗಿರುವ ಎಂಜಿನ್ನನ್ನು ಬಿಚ್ಚದೆ ಮಾಡಿನಡಿ ಇಡುವುದು ಸರಿ. ಹತ್ತಾರು ಉಳಿದಿರುವ ಮಾದರಿಗಳಲ್ಲಿ ಕೆಲವನ್ನಾದರೂ ಓಡಿಸಲೇಬೇಕು. ಇಲ್ಲದಿದ್ದರೆ ಓಡಿಸಬಲ್ಲವರೇ ಇಲ್ಲವಾಗುತ್ತಾರೆ.

ಇದು ಬರೀ ಮಾತಲ್ಲ ಎಂಬುದಕ್ಕೆ ನಮಗೆ ಹತ್ತಿರದ ಸಾಕ್ಷಿ ನೀಲಗಿರಿಯ ರೈಲು. ಮಂಗಳೂರಿಗೂ ಅದಕ್ಕೂ ಹಳೆಯ ನಂಟಿದೆ. 2007ರಲ್ಲಿ ಸೇಲಂ ವಿಭಾಗ ಆಗುವವರೆಗೆ ಮಂಗಳೂರು ನಿಲ್ದಾಣವೂ ನೀಲಗಿರಿಯ ಹಳಿಯೂ ಒಂದೇ ಪಾಲಕ್ಕಾಡ್ ವಿಭಾಗದಲ್ಲಿದ್ದವು. ಮಂಗಳೂರು–ಪೇಶಾವರ ಬೋಗಿಯನ್ನು ಮೊಟಕು ಮಾಡಿದಾಗ ಅದು ಹೋಗಿ ನಿಂತ ಮೆಟ್ಟುಪಾಳ್ಯಂ ಈ ಬೆಟ್ಟದ ರೈಲು ಹೊರಡುವ ಊರೇ. ಮೆಟ್ಟುಪಾಳ್ಯಂನಿಂದ ಕೂನೂರಿಗೆ 1899ರಲ್ಲಿ, ಅಲ್ಲಿಂದ ಊಟಿಗೆ 1908ರಲ್ಲಿ ಹಳಿ ತೆರೆಯಿತು. ಒಟ್ಟು ಸುಮಾರು 46 ಕಿಲೋಮೀಟರ್ ಮೀಟರ್ ಗೇಜ್. ಕನ್ನಡಕ್ಕೆ ತೀರ ಹತ್ತಿರದ ನುಡಿಯಾಡುವ ಬಡಗರ ಹಟ್ಟಿಗಳ ಬದಿಯಲ್ಲಿ ಅದು ಹಾದುಹೋಗುತ್ತದೆ. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ದಾರಿಯಲ್ಲಿ ಕಲ್ಲಾರಿನಿಂದ ಕೂನೂರಿನವರೆಗೆ ಏರು ಎಷ್ಟು ಕಡಿದೆಂದರೆ ಸುಮಾರು 12 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಅಷ್ಟು ಏರಿನಲ್ಲಿ ಕಚ್ಚಲಾರದು. ಅದಕ್ಕೆ ಎರಡು ಹಳಿಗಳ ನಡುವೆ ಹಲ್ಲುಗಳಿರುವ ಎರಡು ಪಟ್ಟಿಗಳನ್ನು ಹಾಕಿದ್ದಾರೆ. ಒಂದು ಪಟ್ಟಿಯ ಹಲ್ಲಿನ ಎದುರಿಗೆ ಇನ್ನೊಂದರ ಸಂದು ಬರುವಂತೆ ಜೋಡಿಸಿರುವುದರಿಂದ ಎಂಜಿನ್ನಿನ ಹಲ್ಲುಗಾಲಿ ಯಾವ ಕ್ಷಣದಲ್ಲಿಯೂ ಹಿಡಿತ ತಪ್ಪುವುದಿಲ್ಲ. ಸ್ವಿಟ್ಜರ್ಲೆಂಡಿನ ರೋಮನ್ ಆಪ್ಟ್ ರೂಪಿಸಿದ ವಿಧಾನ ಇದು. ಇಲ್ಲಿನ ಎಕ್ಸ್ ವರ್ಗದ ಎಂಜಿನ್‌ಗಳೂ ಸ್ವಿಸ್, ವಿಂಟರ್‌ಥೂರ್ ಊರಿನ ಕಾರ್ಖಾನೆಯವು. 1914ರಿಂದ 1925ರ ನಡುವೆ 12, 1952ರಲ್ಲಿ ಮತ್ತೆ 5. ಬಾಸೆಲ್ ಮಿಶನ್ನಿನ ಹಂಚು, ನೇಯ್ಗೆ, ಮುದ್ರಣಗಳ ಮೂಲಕ ಸ್ವಿಸ್ ಕೈಕೆಲಸವನ್ನು ಹತ್ತಿರದಿಂದ ಕಂಡ ಮಂಗಳೂರಿಗರಿಗೆ ಈ ಎಂಜಿನ್‌ಗಳ ಅಚ್ಚುಕಟ್ಟುತನ ಪರಕೀಯ ಅನ್ನಿಸಲಾರದು.

ಎಕ್ಸ್ ಎಂಜಿನ್ನಿಗೆ ನಾಲ್ಕು ಸಿಲಿಂಡರ್. ಎರಡು ಹೊರಗಿನ ಗಾಲಿಗೆ, ಎರಡು ಹಲ್ಲುಗಾಲಿಗೆ. ಸಮತಟ್ಟಿನಲ್ಲಿ ಮೊದಲ ಎರಡು ಮಾತ್ರ ದುಡಿಯುತ್ತವೆ. ಹಲ್ಲಿನ ಹಳಿ ಶುರುವಾದಾಗ, ಮೊದಲ ಸಿಲಿಂಡರುಗಳಲ್ಲಿ ಕೆಲಸ ಮಾಡಿ ಬಂದ ಉಗಿ ನೇರ ಚಿಮಣಿಗೆ ಹೋಗದೆ ಉಳಿದೆರಡಕ್ಕೆ ಹೋಗಿ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಒಂದೇ ಉಗಿ ಎರಡು ಸಲ ದುಡಿಯುತ್ತದೆ. ಬೋಗಿಗಳನ್ನು ಎಂಜಿನ್ ಎಳೆಯುವುದಿಲ್ಲ, ಇಳಿಜಾರಿನ ಕಡೆ ನಿಂತು ಮೇಲಕ್ಕೆ ದೂಡುತ್ತದೆ, ಕೊಂಡಿ ಕಳಚಿದರೂ ಬೋಗಿ ಹಿಂದಕ್ಕೆ ಉರುಳದಿರಲಿ ಎಂದು. ಪ್ರತಿ ಬೋಗಿಯ ಮುಂದೆಯೂ ಒಬ್ಬ ಬ್ರೇಕ್ಸ್‌ಮನ್ ನಿಂತಿರುತ್ತಾನೆ.

ನೂರು ವರ್ಷದ ಹಿಂದಿನ ಈ ಮಾದರಿ ಇನ್ನೂ ಕೆಲಸದಲ್ಲಿದೆ ಎಂಬುದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿದೆ. ತಿರುಚ್ಚಿಯ ಪೊನ್ಮಲೈ ಕಾರ್ಖಾನೆಯವರು 2011ರಿಂದ ಈ ಮಾದರಿಯ ಹೊಸ ಎಂಜಿನ್‌ಗಳನ್ನೇ ಕಟ್ಟಿದ್ದಾರೆ, ಮೊದಲು ಕಲ್ಲಿದ್ದಲ ಬದಲು ಎಣ್ಣೆ ಉರಿಸುವವು, 2021ರಲ್ಲಿ ಕಲ್ಲಿದ್ದಲಿನದೂ ಒಂದು. ನಮ್ಮ ಹಳಿಯನ್ನು 1908ರಿಂದ ನಡೆಸಿದ ಸೌತ್ ಇಂಡಿಯನ್ ರೈಲ್ವೆಯೇ 1928ರಲ್ಲಿ ನಾಗಪಟ್ಟಣದಿಂದ ಸ್ಥಳಾಂತರಿಸಿದ ಕಾರ್ಖಾನೆ ಅದು. ದೇಶವೆಲ್ಲ ಉಗಿ ಬಿಟ್ಟು ಎಷ್ಟೋ ಕಾಲವಾದ ಮೇಲೆ ಹೊಸ ಉಗಿ ಎಂಜಿನ್ ಕಟ್ಟಲು ಅವರಿಗೆ ಹೇಗೆ ಸಾಧ್ಯವಾಯಿತು? ಹಳೆಯವನ್ನು ಬಿಚ್ಚಿ ಜೋಡಿಸುವ ಕೆಲಸ ಅಲ್ಲಿ ಎಂದೂ ನಿಂತಿರಲಿಲ್ಲ. ಬೆಟ್ಟದ ರೈಲು ಓಡುತ್ತಲೇ ಇದ್ದದ್ದರಿಂದ ಕೆಲಸ ಕಲಿಯಲು ಹೊಸಬರಿಗೆ ದಾರಿ ತೆರೆದೇ ಇತ್ತು.

ಮಂಗಳೂರಿಗೆ ಇದರಿಂದ ಏನು ಸಿಗಬೇಕು? ಇಲ್ಲಿ ಉಗಿ ಎಂಜಿನ್ ಓಡಿಸಿ ಎಂದು ನಾನು ಕೇಳುತ್ತಿಲ್ಲ. ವಿದ್ಯುತ್ ತಂತಿ ಎಳೆದ, ರೈಲುಗಳು ಒಂದರ ಹಿಂದೊಂದು ಓಡುವ ಹಳಿಯಲ್ಲಿ ಅದಕ್ಕೆ ಜಾಗವಿಲ್ಲ. ಆದರೆ 1907ರಿಂದ ಈಚಿನ ನಮ್ಮ ರೈಲಿನ ಬದುಕನ್ನು ತೋರಿಸುವ ಒಂದು ಮಾಡು ಈ ಊರಿಗೆ ಬೇಕು. ತೊಡಕಿರುವುದು ಒಡೆತನದಲ್ಲಿ. ಮಂಗಳೂರು ಮೂರು ಆಡಳಿತಗಳು ಕೂಡುವ ಊರು. ಸೆಂಟ್ರಲ್, ಜಂಕ್ಷನ್ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡಿನ ಕೈಯಲ್ಲಿ, ಘಟ್ಟದ ದಾರಿ ನೈಋತ್ಯ ರೈಲ್ವೆಯ ಮೈಸೂರಿನ ಕೈಯಲ್ಲಿ, ತೋಕೂರಿನಿಂದ ಆಚೆ ಕೊಂಕಣ ರೈಲ್ವೆ. ಮೂವರಿಗೂ ಇದು ಗಡಿ, ಯಾರಿಗೂ ನಡುಮನೆ ಅಲ್ಲ. ಹಳೆಯ ವಸ್ತುಗಳು ಗಡಿಯಲ್ಲಿ ಬೇಗ ಕಾಣೆಯಾಗುತ್ತವೆ. ಆದ್ದರಿಂದ ಮೊದಲ ಹೆಜ್ಜೆ ಊರಿನ ಕಡೆಯಿಂದಲೇ ಬರಬೇಕು: ಮಹಾನಗರ ಪಾಲಿಕೆ, ಕಾಲೇಜುಗಳು, ಸುರತ್ಕಲ್‌ನ ಎನ್‌ಐಟಿಕೆ. ಲೋಹದ ಸವೆತವನ್ನು ಅಭ್ಯಾಸ ಮಾಡುವ ವಿಭಾಗ ಇರುವ ಎಂಜಿನಿಯರಿಂಗ್ ಸಂಸ್ಥೆ ಊರ ಮಗ್ಗುಲಲ್ಲೇ ಇದೆ. ಉಪ್ಪುಗಾಳಿಯಲ್ಲಿ ಹಳೆಯ ಉಕ್ಕನ್ನು ಕಾಯುವುದು ಅಲ್ಲಿನ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠವೂ ಆದೀತು.

ಎಂಜಿನ್ ತರುವ ಮೊದಲು ಮಾಡಬೇಕಾದ ಕೆಲಸ ಇನ್ನೊಂದಿದೆ, ಅದಕ್ಕೆ ಖರ್ಚೂ ಹೆಚ್ಚಿಲ್ಲ. ಉಗಿಯ ಕಾಲದಲ್ಲಿ ಕೆಲಸಕ್ಕೆ ಸೇರಿದ ಫೈರ್‌ಮನ್‌ಗಳು, ಖಲಾಸಿಗಳು, ಫಿಟ್ಟರುಗಳು ಈಗ ಬಹಳ ಹಿರಿಯರು. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಆಡುವ ಅವರ ಮನೆಗಳು ಅತ್ತಾವರದಿಂದ ಕಾಸರಗೋಡಿನವರೆಗೆ ಹರಡಿವೆ. ಯಾವ ಕಲ್ಲಿದ್ದಲು ಹೇಗೆ ಉರಿಯುತ್ತಿತ್ತು, ನೇತ್ರಾವತಿ ಸೇತುವೆಯ ಮೇಲೆ ಎಷ್ಟು ನಿಧಾನ ಹೋಗುತ್ತಿದ್ದರು, ಮಳೆಗಾಲದ ರಾತ್ರಿ ಮರಳು ಹೇಗೆ ಒಣಗಿಸುತ್ತಿದ್ದರು ಎಂದು ಅವರ ಭಾಷೆಯಲ್ಲಿಯೇ ಕೇಳಿ ಧ್ವನಿಮುದ್ರಿಸಿಕೊಳ್ಳಬೇಕು. ಪತ್ರಿಕೋದ್ಯಮ ಓದುವ ಮಕ್ಕಳು ಒಂದು ಬೇಸಿಗೆ ರಜೆಯಲ್ಲಿ ಮಾಡಬಹುದಾದ ಕೆಲಸ. ಎಂಜಿನ್ನನ್ನು ಹತ್ತು ವರ್ಷ ಬಿಟ್ಟು ತಂದರೂ ಆದೀತು, ಇದನ್ನು ಮುಂದೂಡುವಂತಿಲ್ಲ.

ದುಡಿಯುವ ಎಂಜಿನ್ನನ್ನು ಮಕ್ಕಳಿಗೆ ತೋರಿಸಬೇಕೆನ್ನುವವರು ಇಂಟರ್‌ಸಿಟಿ ಹಿಡಿದು ಕೊಯಮತ್ತೂರಿಗೆ ಹೋಗಿ, ಮೆಟ್ಟುಪಾಳ್ಯಂನಲ್ಲಿ ರಾತ್ರಿ ಉಳಿಯಿರಿ. ಬೆಟ್ಟದ ರೈಲು ಬೆಳಗ್ಗೆ ಏಳು ದಾಟುತ್ತಲೇ ಹೊರಡುತ್ತದೆ, ಸೀಟು ಮೊದಲೇ ಕಾದಿರಿಸಬೇಕು. ಕೂನೂರಿನಲ್ಲಿ ಉಗಿ ಎಂಜಿನ್ ಕಳಚಿ ಡೀಸೆಲ್ ಜೋಡಿಸುತ್ತಾರೆ, ಆದ್ದರಿಂದ ನೋಡುವುದನ್ನೆಲ್ಲ ಅದಕ್ಕೆ ಮೊದಲೇ ನೋಡಬೇಕು. ಹೊರಡುವ ಮುನ್ನ ರೈಲಿನ ಹಿಂಬದಿಗೆ ನಡೆದು ಎಂಜಿನ್ನಿನ ಪಕ್ಕಕ್ಕೆ ನಿಂತರೆ ಸಿಲಿಂಡರುಗಳು ಒಂದರ ಮೇಲೊಂದು ಕೂತಿರುವುದು ಕಾಣುತ್ತದೆ, ಕೆಳಗಿನದು ಗಾಲಿಗೆ, ಮೇಲಿನದು ಹಲ್ಲುಗಾಲಿಗೆ. ದಾರಿಯಲ್ಲಿ ನೀರು ತುಂಬಿಸಲು ನಿಂತಾಗ ಇಳಿದು, ಫಿಟ್ಟರ್ ಯಾವ ಯಾವ ಬೇರಿಂಗಿನ ಮೇಲೆ ಕೈಯಿಟ್ಟು ಬಿಸಿ ನೋಡುತ್ತಾನೆ ಎಂಬುದನ್ನು ಗಮನಿಸಿ. ಕಲ್ಲಾರು ಬಿಟ್ಟು ಹಲ್ಲಿನ ಹಳಿ ಶುರುವಾಗುವ ಕಡೆ ರೈಲು ತೀರ ನಿಧಾನವಾಗುತ್ತದೆ, ಆಗ ಕಿಟಕಿಯಿಂದ ಹಿಂದಕ್ಕೆ ನೋಡಿದರೆ ಅಲ್ಲಿಯವರೆಗೆ ಅಲುಗಾಡದೆ ಇದ್ದ ಮೇಲಿನ ಸರಳುಗಳು ದುಡಿಯಲು ಶುರುಮಾಡುತ್ತವೆ.